ಕತ್ತರಿಸಿದ ಚೀಟಿಗಳು

ಸೀರೆಗಳ ನಡುವಿನ ಡಾಂಬರು ಗುಳಿಗೆಯ ವಾಸನೆ ಬಂದರೆ ಇಂದಿಗೂ ನನಗೆ ಅವ್ವನ ಮ್ಯೂಸಿಯಮ್ಮಿನ ಹಿಂದಿನ ಕೋಣೆ ನೆನಪಾಗುತ್ತದೆ.

ಅವ್ವ ಅಲ್ಲಿ ಹಕ್ಕಿಗಳ ವಿಭಾಗ ನೋಡಿಕೊಳ್ಳುತ್ತಿದ್ದಳು. ಎಲ್ಲರೂ ಒಂದೇ ಎಂದುಕೊಂಡಿದ್ದ ಪುಟ್ಟ ಹಕ್ಕಿಯೊಂದು ಬೆಟ್ಟದಿಂದ ಬೆಟ್ಟಕ್ಕೆ ಬೇರೆ ಜಾತಿಯಾಗಿ ಬೆಳೆದಿದೆ ಎಂದು ತೋರಿಸಲು ಹತ್ತು ವರ್ಷ ಕೊಕ್ಕು ಅಳೆದಿದ್ದಳು. ಹತ್ತಿ ತುಂಬಿ ಕಾಪಿಟ್ಟ ಪ್ರತಿ ಸತ್ತ ಹಕ್ಕಿಯ ಕಾಲಿಗೂ ಅದು ಸಿಕ್ಕ ಊರು ಬರೆದ ಚೀಟಿ ಇರುತ್ತಿತ್ತು.

ನಾನಿನ್ನೂ ಚಿಕ್ಕವಳಿದ್ದಾಗ ಒಂದು ಶನಿವಾರ, ಶಾಲೆ ಬಿಟ್ಟ ಮೇಲೆ, ವಡಾಲದ ನಮ್ಮ ಮನೆಯಿಂದ ನನ್ನನ್ನೂ ಅಲ್ಲಿಗೆ ಕರೆದೊಯ್ದಳು. ಹಕ್ಕಿಗಳ ಡ್ರಾಯರ್ ಎಳೆದರೆ ಒಂದರ ಕಾಲಿಗೂ ಚೀಟಿ ಇರಲಿಲ್ಲ. ಯಾರೋ ದಾರ ಕತ್ತರಿಸಿ ಚೀಟಿಗಳನ್ನೆಲ್ಲ ಬಿಸ್ಕಿಟ್ ಡಬ್ಬಿಗೆ ತುಂಬಿದ್ದರು.

ಸೋಮವಾರ ದೊಡ್ಡ ಅತಿಥಿಗಳು ಬರುತ್ತಾರೆ, ನೀಟಾಗಿ ಕಾಣಲೆಂದು ತಾವೇ ತೆಗೆಸಿದ್ದಾಗಿ ಅವಳ ಮೇಲಿನ ಸಾಹೇಬರು ಹಿಂದಿಯಲ್ಲಿ ಹೇಳಿದರು. ಒಂದು ಹಕ್ಕಿಯೂ ಕಳೆದಿಲ್ಲವಲ್ಲ ಎಂದು ನಕ್ಕರು.

ಅವ್ವ ನೆಲದ ಮೇಲೆ ಕೂತು, ಮತ್ತೆ ಕೊಕ್ಕು ಅಳೆದು, ತನ್ನ ಹಳೆಯ ಅಳತೆಗಳ ಪುಸ್ತಕದೊಂದಿಗೆ ತಾಳೆ ನೋಡಿ, ಮೂರು ತಾಸಿನಲ್ಲಿ ಹನ್ನೊಂದು ಹಕ್ಕಿಗಳ ಪಕ್ಕ ಅವುಗಳ ಚೀಟಿ ಇಟ್ಟಳು.

"ಮನಿಗೆ ಹೋಗೂಣು ಬಾ ಅವ್ವಾ," ಎಂದೆ.

"ತಡಿಯವ್ವಾ. ಊರು ಗೊತ್ತಿಲ್ಲಂದ್ರ ಇವು ಬರೇ ಹತ್ತಿ ಗಂಟು," ಎಂದು ಮುಖ ತೊಳೆದು ಚಹಾ ಕುಡಿದು ಬರಲು ಹೋದಳು.

ನಾನು ಎಲ್ಲ ಚೀಟಿಗಳನ್ನೂ, ಅವಳು ಜೋಡಿಸಿಟ್ಟವನ್ನೂ ಒಟ್ಟುಮಾಡಿ, ಹೊಸ ದಾರದಿಂದ ಕೈಗೆ ಸಿಕ್ಕ ಹಕ್ಕಿಗೆ ಒಂದೊಂದು ಕಟ್ಟಿದೆ.

"ಎಲ್ಲಾ ಮುಗೀತವ್ವಾ!"

ಅವ್ವ ಒಳಗೆ ಬಂದು ಒಂದು ಹಕ್ಕಿಯನ್ನೆತ್ತಿ ಅದರ ಚೀಟಿ ಓದಿದಳು, ಆಮೇಲೆ ಇನ್ನೊಂದರದು.

"ಚಂದ ಕಟ್ಟೀ ನೋಡು," ಎಂದಳು. ಆಮೇಲೆ ನನ್ನನ್ನು ನೀರು ಕುಡಿಯಲು ಹೊರಗೆ ಕಳಿಸಿದಳು. ಒಳಗಿನಿಂದ ಕತ್ತರಿಯ ಸದ್ದು ಕೇಳುತ್ತಲೇ ಇತ್ತು.