ಲೀಟರಿಗೆ ಎರಡು ಕಿಲೋಮೀಟರ್

ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ಒಗೆದ ಬಟ್ಟೆ ಹರವುತ್ತಿದ್ದವಳು ಗೇಟಿನಾಚೆ ಹಾರ್ನ್ ಕೇಳಿ ತಿರುಗಿದಳು. ಬೇರೆ ಊರಿನಲ್ಲಿ ಬೇರೆ ಮನೆ ಮಾಡಿಕೊಂಡಿದ್ದ ಗಂಡ ತಿಂಗಳಿಗೊಮ್ಮೆ ಮಗಳನ್ನು ನೋಡಲು ಬರುತ್ತಿದ್ದ.

“ಈ ಸಲ ಪ್ರೀಮಿಯಂ ಪೆಟ್ರೋಲ್ ಹಾಕಿಸಿದೀನಿ. ಲೀಟರಿಗೆ ಎರಡು ಕಿಲೋಮೀಟರ್ ಜಾಸ್ತಿ ಓಡುತ್ತೆ” ಎಂದ, ಕಾರಿನಿಂದ ಇಳಿಯುತ್ತಲೇ. ಅವರಿಬ್ಬರಿಗೆ ಜಗಳವಿಲ್ಲದೆ ಆಡಲು ಉಳಿದಿದ್ದದ್ದು ಕಾರಿನ ಮಾತೊಂದೇ.

“ಅದರ ರೇಟೂ ಜಾಸ್ತಿ ಅಲ್ವಾ?” ಎಂದಳು, ಬಾಯಿಂದ ಕ್ಲಿಪ್ಪು ತೆಗೆದು.

“ಆದ್ರೂ ಗಿಟ್ಟುತ್ತೆ ಕಣೇ. ನಾನೇ ಓಡಿಸಿ ನೋಡಿದೀನಿ.”

‘ಕಣೇ’ ಎಂದು ಕರೆಸಿಕೊಂಡು ಎಷ್ಟು ದಿನವಾಗಿತ್ತು! ಅವಳು ಇನ್ನೊಂದು ಬಟ್ಟೆ ಕೊಡವಿದಳು.

ಅಷ್ಟರಲ್ಲಿ ಎಂಟು ವರ್ಷದ ಮಗಳು ಬಕೆಟ್ಟಿನಿಂದ ಆಗಷ್ಟೇ ಒಗೆದ ದಿಂಬಿನ ಚೀಲ ಎತ್ತಿಕೊಂಡು ಕಾರಿನ ಗಾಜು ಒರೆಸತೊಡಗಿದ್ದಳು. ತಾಯಿ ಬೈಯಲಿಲ್ಲ. ಪ್ರತಿಸಲ ಹೊರಡುವಾಗಲೂ ಅವನು ಮಗಳಿಗೆ, “ವಾರವಾರ ಬರೋ ಆಸೆ ನಂಗೂ ಇದೆ ಪುಟ್ಟಿ, ಏನ್ಮಾಡ್ಲಿ, ಪೆಟ್ರೋಲ್ ದುಬಾರಿ” ಎಂದು ಹೇಳುತ್ತಿದ್ದ. ಅವನು ಹೋದ ಮೇಲೆ ತಾಯಿ ಮಗಳು ಆ ಮಾತು ಎತ್ತುತ್ತಿರಲಿಲ್ಲ.

ಗಾಜಿನ ಮೇಲಿನ ಪುಟ್ಟ ಕೈ ನಿಂತಿತು.

“ಅಪ್ಪಾ, ಗಿಟ್ಟುತ್ತೆ ಅಂದ್ಯಲ್ಲ, ಹಾಗಾದ್ರೆ ಇನ್ಮೇಲೆ ವಾರವಾರಾನೂ ಬರ್ತೀಯಾ?”