ನಡುಗೆರೆಗೆ ಎರಡು ಹೆಜ್ಜೆ

“ಎರಡು ಹೆಜ್ಜಿ ಉಸುರು ಹಿಡಿಯಾಕ ಆಗಲಿಲ್ಲಂದ್ರ ಕಬಡ್ಡಿ ಯಾಕ ಬೇಕಲೇ ನಿನಗ? ನಮ್ಮ ಮುದಿ ಎತ್ತಿಗೂ ನಿನಗಿಂತ ಹೆಚ್ಚು ದಮ್ ಐತಿ!” ಅಂಕಣದ ಅಂಚಿನಲ್ಲಿ ನಿಂತಿದ್ದ ಮಲಕಾರಿ ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದ. ಅನಂತಪುರದಿಂದ ಟ್ರ್ಯಾಕ್ಟರ್ ತುಂಬ ಬಂದಿದ್ದ ಮಂದಿ ಹೋ ಎಂದು ನಕ್ಕಿತು. ನಡುಗೆರೆಯ ಹತ್ತಿರ ಅದೇ ಊರಿನ ರೇಡರ್ ಕಾಡಸಿದ್ದ ಮೊಣಕಾಲೂರಿ ಕೆಮ್ಮುತ್ತಲೇ ಇದ್ದ. ಒಂದೇ ಒಂದು ಅಂಕದ ಸೋಲು! ಎಂಬತ್ತಾರನೇ ಇಸವಿಯಿಂದ ಸತತ ನಾಲ್ಕನೇ ಸಲ ಗೆದ್ದವರ ಢಾಲು ಉಗಾರದವರ ಪಾಲಾಗಿತ್ತು.

ಕೊನೆಯ ರೇಡಿನಲ್ಲಿ ಕಾಡಸಿದ್ದ ಉಗಾರದ ಇಬ್ಬರನ್ನು ಮುಟ್ಟಿ ತಿರುಗಿದ್ದನ್ನು ಮಲಕಾರಿ ಕಣ್ಣಾರೆ ಕಂಡಿದ್ದ. ಗೆದ್ದೇಬಿಟ್ಟೆವೆಂದು ಸೀಟಿಗೂ ಕಾಯದೆ, ಗೆದ್ದ ಮೇಲೆ ಹಾರಿಸಲು ತಂದಿದ್ದ ಕೆಂಪು ಗುಲಾಲನ್ನು ಬೊಗಸೆ ತುಂಬ ಅಂಕಣದತ್ತ ಎರಚಿ ಕುಣಿದಿದ್ದ. ಕುಣಿತ ನಿಲ್ಲುವಷ್ಟರಲ್ಲಿ ಅಂಪೈರು ಕೈಯೆತ್ತಿದ್ದರು. ಗೆರೆಗೆ ಎರಡೇ ಹೆಜ್ಜೆ ಇರುವಾಗ ದಮ್ಮು ಕಡಿದಿತ್ತು, ಕಾಡಸಿದ್ದ ಔಟು.

“ಬಾಯಿ ಬಿಡಲೇ! ಉಗಾರದವ್ರು ಏನ್ ತಿನಿಸ್ಯಾರ ನಿನಗ?” ಎಂದು ಮಲಕಾರಿ ಬೆರಳು ಚಾಚಿ ಮುಂದೆ ಬಂದ. ಕಾಡಸಿದ್ದ ಕ್ಯಾಕರಿಸಿ ಉಗುಳಿದ. ಉಗುಳು ಕೆಂಪಾಗಿತ್ತು. ರಕ್ತವೆಂದು ಮಲಕಾರಿ ಬಗ್ಗಿ ನೋಡಿದ. ಆಮೇಲೆ ಕಂಡಿತು, ನಾಲಿಗೆಗೂ ಹಲ್ಲಿನ ಸಂದಿಗೂ ಮೆತ್ತಿಕೊಂಡಿದ್ದ ಪುಡಿ. ಚಾಚಿದ ತನ್ನ ಬೆರಳಿಗೂ ಅದೇ ಬಣ್ಣ. ಮಲಕಾರಿ ಕೈ ಇಳಿಸಿದ.

“ಹೇಳಲೇ ಕಾಡಸಿದ್ದಾ, ಉಸುರು ಯಾಕ ಬಿಟ್ಟಿ?” ಎಂದು ಟ್ರ್ಯಾಕ್ಟರಿನ ಮೇಲಿಂದ ಮಂದಿ ಇನ್ನೂ ಚೀರುತ್ತಿತ್ತು. ಕಾಡಸಿದ್ದ ಮಲಕಾರಿಯ ಮುಖವನ್ನು ಒಮ್ಮೆ ದಿಟ್ಟಿಸಿದ. ತುಟಿಯ ಕೆಂಪನ್ನು ಅಂಗಿಯಿಂದ ಒರೆಸಿ, ಅದನ್ನು ಹೆಗಲಿಗೆ ಹಾಕಿಕೊಂಡು ಗುಂಪನ್ನು ಸರಿಸಿ ನಡೆದುಬಿಟ್ಟ.