ಕೊನೆಯ ಎಂಟು ಪುಟ

ಹಳೆಯ ಪುಸ್ತಕದ ರಟ್ಟಿನಿಂದ ಗೋಂದಿನ ವಾಸನೆ ಬಂದರೆ ಈ ವಯಸ್ಸಿನಲ್ಲೂ ನಾನು ಅದನ್ನು ತೆರೆಯದೆ ಕೆಳಗಿಡುತ್ತೇನೆ.

ಶಂಕರಪುರದ ನಮ್ಮ ಮನೆಯಲ್ಲಿ ವಿಧವೆಯಾದ ಸೋದರತ್ತೆ ಇದ್ದರು. ಅವರಿಗೆ ಓದಲು ಬರುತ್ತಿತ್ತು. ಆದರೆ ಗೋಂದು ಹಚ್ಚಿ ರಟ್ಟು ಕಟ್ಟಿದ, ಹತ್ತಾರು ಕೈ ದಾಟಿ ಬಂದ ಲೈಬ್ರರಿ ಪುಸ್ತಕವನ್ನು ಮಡಿಯಲ್ಲಿ ಮುಟ್ಟುವಂತಿರಲಿಲ್ಲ. ಹಾಗಾಗಿ ಮಧ್ಯಾಹ್ನ ಅವರು ದೂರ ಕೂತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು, ಹತ್ತು ವರ್ಷದ ನಾನು ಗಟ್ಟಿಯಾಗಿ ಓದುತ್ತಿದ್ದೆ.

ಒಂದು ಸಲ ತಂದ ಕಾದಂಬರಿಯಲ್ಲಿ ಒಬ್ಬ ಒರಟು ಹುಡುಗಿ ತನ್ನನ್ನು ಸಾಕಿದ ಮುದುಕಿಯನ್ನು ಆಡಿಕೊಂಡು ನಗುತ್ತಿದ್ದಳು. ಜಗಳವಾಡಿ ಮನೆ ಬಿಟ್ಟವಳು ಕಷ್ಟ ಕಂಡಂತೆಲ್ಲ ಮೆತ್ತಗಾಗುತ್ತಾ ಹೋದಳು.

"ಅವಳು ವಾಪಸ್ ಬರ್ತಾಳೇನೋ?" ಎಂದು ಅತ್ತೆ ದಿನವೂ ಕೇಳುತ್ತಿದ್ದರು. ನಾನು ಕೊನೆಯ ಎಂಟು ಪುಟಗಳನ್ನು ಮೊದಲೇ ಕದ್ದು ಓದಿಬಿಟ್ಟಿದ್ದೆ.

ಅವನ್ನು ಅತ್ತೆಗೆ ಓದಿ ಹೇಳಬೇಕಿದ್ದ ದಿನ ಗೆಳೆಯ ಬೀದಿಯಿಂದ ಕೂಗಿದ: "ಏನ್ ಶಾಸ್ತ್ರಿಗಳೇ, ಪುರಾಣ ಮುಗೀತಾ? ಬುಗುರಿ ಆಟ ಶುರುವಾಯ್ತು!"

ನನಗೆ ನಾಚಿಕೆಯಾಯಿತು. ಪುಸ್ತಕ ಮುಚ್ಚಿ, "ಕೊನೇ ಹಾಳೆಗಳು ಹರಿದುಹೋಗಿವೆ ಅತ್ತೆ" ಎಂದೆ.

ಅವರ ಕೈ ಪುಸ್ತಕದ ಕಡೆ ಚಾಚಿತು. ಅರ್ಧದಲ್ಲೇ ನಿಂತು ಮತ್ತೆ ಹತ್ತಿಗೆ ಮರಳಿತು.

"ಹೋಗ್ಲಿ ಬಿಡು ಮರಿ. ಬಂದೇ ಬಂದಿರ್ತಾಳೆ. ದೊಡ್ಡೋಳಾದ್ಮೇಲೆ ತಿಳಿಯಲ್ವಾ?"

ಅವಳು ಬಂದಿದ್ದಳು. ಹಾಗೆಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಬುಗುರಿ ಹಿಡಿದು ಓಡಿದೆ.

ಮರುದಿನ ಅಳುಕುತ್ತಲೇ ಹೊಸ ಪುಸ್ತಕ ತಂದು ಎದುರಿಗೆ ಕೂತೆ. ಅತ್ತೆ ಬತ್ತಿಯಿಂದ ತಲೆ ಎತ್ತಲಿಲ್ಲ.

"ಇವತ್ತು ಬೇಡ ಮರಿ. ನಿನ್ ಸ್ನೇಹಿತ ಕಾಯ್ತಿರ್ತಾನೆ, ಹೋಗು."

ನಾನು ಹೋದೆ.